ತಿರುವಿನ ಹೊರಮಗ್ಗಲು

ಕಳೆದ ವಾರ ಮರಿಯಮ್ಮನಹಳ್ಳಿಯಲ್ಲಿ, ಹೆದ್ದಾರಿ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಗ್ರೂಪ್ ಫೋಟೋ ತೆಗೆದು ಬಂದಿದ್ದೆ. ಐವತ್ತೆರಡು ಮಕ್ಕಳು ಒಂದೇ ಗಳಿಗೆಯಲ್ಲಿ ಕಣ್ಣು ತೆರೆದಿರುವಂತೆ ಮಾಡುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಗಂಟಲು ಒಣಗಿತ್ತು. ಅಷ್ಟರಲ್ಲಿ ಅದಿರು ತುಂಬಿದ ಲಾರಿಯೊಂದು ಮೆಲ್ಲಗೆ ಬಂದು ಅಂಗಡಿಯ ಮುಂದೆ ನಿಂತಿತು. ಅದರ ಜೊತೆಗೇ ಒಂದು ವಾಸನೆ ಬಂತು. ಸುಟ್ಟ ರಬ್ಬರಿನದಲ್ಲ, ಕಾದ ಕಬ್ಬಿಣದ್ದೂ ಅಲ್ಲ. ಎರಡರ ನಡುವಿನದು, ಮೂಗಿಗಿಂತ ಗಂಟಲಿಗೆ ಮೊದಲು ತಗಲುವಂಥದು. ಅಂಗಡಿಯವನು ಮಂಡಕ್ಕಿ ಒಗ್ಗರಣೆಯ ಪರಾತದ ಮೇಲೆ ಪೇಪರು ಮುಚ್ಚಿದ. ಡ್ರೈವರು ಇಳಿದು ಗಾಲಿಗಳ ಸುತ್ತ ಒಂದು ಸುತ್ತು ಹಾಕಿದ. ನನ್ನ ಬಾಯಿಂದ ತಾನಾಗಿಯೇ ಮಾತು ಹೊರಟಿತು.

"ಬ್ರೇಕ್ ಲೈನರ್ ಹೊಂಟೈತಿ ನೋಡ್ರಿ. ಹಿಂದಿಂದು."

ಅವನು ಬಗ್ಗಿ ನೋಡಿ, ಎದ್ದು ನಿಂತು, ನನ್ನ ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾ ನೋಡಿದ. "ನೀವೂ ಲಾರಿ ಲೈನಿನ ಮ್ಯಾಲ ಇದ್ದಾವ್ರೇನ್ರಿ?"

"ಇಲ್ರಿ. ನಾ ಫೋಟೋದಾಂವ."

ಅವನಿಗೆ ನಗು ಬಂತು. ಬರಬೇಕಾದ್ದೇ. ಆದರೆ ಆ ವಾಸನೆಯ ಪಾಠವನ್ನು ನಾನು ಕಲಿತದ್ದು ಫೋಟೋಗ್ರಫಿಯ ಪಾಠವಾಗಿಯೇ. ಕಲಿಸಿದವರು ಸಂಡೂರಿನ ಪಂಪಣ್ಣ.

ನನ್ನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ಹೊಸಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಅಳತೆಯ ಮುಖಗಳು, ಹಂಪಿಯ ಕಲ್ಲುಕಂಬಕ್ಕೆ ಒರಗಿ ನಿಂತ ಹೊಸ ಜೋಡಿಗಳು. ಇವೆಲ್ಲಕ್ಕೂ ಒಂದು ಅನುಕೂಲವಿದೆ. ಯಾರೂ ಅಲುಗಾಡುವುದಿಲ್ಲ. ಅಲುಗಾಡಿದರೆ "ಅಲ್ಲಾಡಬ್ಯಾಡ್ರಿ" ಎಂದರೆ ಸಾಕು, ನಿಲ್ಲುತ್ತಾರೆ. ಹಾಗೆ ಊರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನಾನೊಬ್ಬ ದೊಡ್ಡ ಛಾಯಾಗ್ರಾಹಕನೆಂದು ನನಗೇ ಅನ್ನಿಸತೊಡಗಿತ್ತು. ಆ ದಿನಗಳಲ್ಲಿ ಒಮ್ಮೆ ಸ್ಕೂಟರನ್ನು ರಿಪೇರಿಗೆ ಬಿಟ್ಟಿದ್ದ ಗ್ಯಾರೇಜಿನ ಗೋಡೆಯ ಮೇಲೆ ಒಂದು ಫೋಟೋ ಕಂಡೆ. ಗ್ರೀಸು ಮೆತ್ತಿದ ಗಾಜಿನ ಹಿಂದೆ ಒಂದು ಜೀಪು. ಅದರ ಒಂದೊಂದು ಬೋಲ್ಟನ್ನೂ ಎಣಿಸಬಹುದು, ಡ್ರೈವರನ ಕಚ್ಚಿದ ಹಲ್ಲು ಕಾಣುತ್ತದೆ. ಹಿಂದಿನ ಗುಡ್ಡ, ಗಿಡ, ನಿಂತ ಜನ ಎಲ್ಲ ಕೆಂಪು ಹಸಿರು ಗೆರೆಗಳಾಗಿ ಹರಿದುಹೋಗಿವೆ. ಚಿತ್ರದ ಮುಂದೆ ನಿಂತರೆ ಗಾಳಿ ಮುಖಕ್ಕೆ ಬಡಿಯುವಂತಿತ್ತು.

"ಯಾರು ಹೊಡದಿದ್ದು?" ಎಂದು ಕೇಳಿದೆ.

"ಸಂಡೂರಿನ ಪಂಪಣ್ಣ. ಮೈನ್ಸಿನ್ಯಾಗ ಡಂಪರ್ ಮೆಕ್ಯಾನಿಕ್ ಇದ್ರಲ್ರಿ, ಅವ್ರು."

ಮೆಕ್ಯಾನಿಕ್! ನನಗೆ ಸ್ವಲ್ಪ ಅವಮಾನವಾಯಿತೆಂದು ಒಪ್ಪಿಕೊಳ್ಳಬೇಕು. ಆ ಅವಮಾನವನ್ನು ಮೂರು ವಾರ ಹೊತ್ತು ತಿರುಗಿ, ನಾಲ್ಕನೆಯ ಭಾನುವಾರ ಸಂಡೂರಿನ ಬಸ್ಸು ಹತ್ತಿದೆ.

ಯಶವಂತನಗರದ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಬಾಗಿಲು ತೆರೆದವರು ಅವರ ಹೆಂಡತಿ ಶಾಂತಮ್ಮ. ನನ್ನನ್ನೂ ಹೆಗಲ ಮೇಲಿನ ಬ್ಯಾಗನ್ನೂ ನೋಡಿ, ಒಳಗೆ ತಿರುಗಿ, "ಬಂದಾರ ನೋಡ್ರಿ, ನಿಮ್ಮಂಥಾವ್ರು ಇನ್ನೊಬ್ರು" ಎಂದರು. ಆ ಮಾತಿನಲ್ಲಿ ಸ್ವಾಗತ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಮುಂದೆ ಎಷ್ಟೋ ಭಾನುವಾರ ಆಕೆ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಾಕಿಕೊಟ್ಟಿದ್ದಾರೆ. ಪ್ರತಿಸಲವೂ ಅದೇ ಅನುಮಾನ.

ಪಂಪಣ್ಣನವರಿಗೆ ಆಗ ಅರವತ್ತರ ಆಸುಪಾಸು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಹುಬ್ಬಿನ ಕೂದಲಲ್ಲೂ ಗಣಿಯ ಕೆಂಪು ಕೂತು ಹೋಗದೆ ಉಳಿದಿತ್ತು. ಅವರ ಕೈಗೆ ಕ್ಯಾಮೆರಾ ಬಂದ ಕಥೆಯೇ ಬೇರೆ. ಗಣಿಯಲ್ಲಿ ಗಾಡಿ ಮಗುಚಿದಾಗಲೋ ಗುದ್ದಿದಾಗಲೋ, ಅದನ್ನು ಎತ್ತುವ ಮೊದಲು ಆಫೀಸಿಗೆ ಫೋಟೋ ಬೇಕಾಗುತ್ತಿತ್ತು. ಬಿದ್ದ ಗಾಡಿಯ ಹತ್ತಿರ ಹೇಗೂ ಮೆಕ್ಯಾನಿಕ್ ಹೋಗಲೇಬೇಕಲ್ಲ, ಕ್ಯಾಮೆರಾವನ್ನೂ ಅವನ ಕೈಗೇ ಕೊಟ್ಟಿದ್ದರು. ಹೀಗೆ ವರ್ಷಗಟ್ಟಲೆ ಪಂಪಣ್ಣ ಬಿದ್ದ ಗಾಡಿಗಳ ಚಿತ್ರ ತೆಗೆದಿದ್ದರು.

"ಬಿದ್ದ ಗಾಡಿ ಹೊಡದು ಹೊಡದು ಬ್ಯಾಸರಾತು ತಮ್ಮಾ," ಎಂದು ಅವರು ಹೇಳಿದರು. "ಓಡೋ ಗಾಡಿ ಹೊಡದ್ರ ಹೆಂಗಿರ್ತತಿ ನೋಡಾನಂತ ಶುರು ಮಾಡಿದೆ."

ಅದಕ್ಕೆ ಅನುಕೂಲವಾಗಿ ವರ್ಷಕ್ಕೊಮ್ಮೆ ಒಂದು ಮೋಟಾರ್ ಕ್ಲಬ್ಬಿನವರು ಆ ಗುಡ್ಡಗಳ ಮಣ್ಣುದಾರಿಯಲ್ಲಿ ಕಾರುಗಳ ರ್‍ಯಾಲಿ ನಡೆಸುತ್ತಿದ್ದರು. ಕಾರುಗಳು ಜೊತೆಯಾಗಿ ಓಡುವುದಿಲ್ಲ, ಒಂದರ ಹಿಂದೊಂದು ಬಿಡುತ್ತಾರೆ. ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸಿದರೋ ಅವರು ಗೆದ್ದಂತೆ. ಒಂದೇ ದಾರಿಯಲ್ಲಿ ಎರಡು ಸಲ ಓಡಿಸುತ್ತಾರೆ. ಪಂಪಣ್ಣ ಆ ದಿನ ರಜೆ ಹಾಕಿ, ಮೂವತ್ತಾರು ಚಿತ್ರದ ಒಂದೇ ಒಂದು ರೀಲು ತೆಗೆದುಕೊಂಡು ಹೋಗುತ್ತಿದ್ದರು. ನಾನಾದರೋ ಹೊಸ ಡಿಜಿಟಲ್ ಕ್ಯಾಮೆರಾ, ಉದ್ದದ ಲೆನ್ಸು, ಒಂದು ಸಾವಿರ ಚಿತ್ರ ಹಿಡಿಯುವ ಕಾರ್ಡು ಹಿಡಿದುಕೊಂಡು ಅವರ ಮುಂದೆ ಕೂತಿದ್ದೆ.

ಮೊದಲ ಪಾಠ ಅವರ ಮನೆಯ ಮುಂದಿನ ರಸ್ತೆಯಲ್ಲೇ ನಡೆಯಿತು.

"ಶಟರ್ ಎಷ್ಟಕ್ಕಿಟ್ಟಿದ್ದಿ?"

"ಸಾವಿರಕ್ಕಿಟ್ಟೀನ್ರಿ." ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಓಡುವ ವಸ್ತುವಿಗೆ ಇದೇ ಸರಿ ಎಂದು ನಾನು ಎಲ್ಲೋ ಓದಿದ್ದೆ.

"ನಿಂತ ಬಸ್ಸಿನ ಫೋಟೋ ಬೇಕಂದ್ರ ಬಸ್‌ಸ್ಟ್ಯಾಂಡಿಗೆ ಹೋಗು. ನೂರಾ ಇಪ್ಪತ್ತೈದಕ್ಕ ತಾ."

"ಅಲುಗಾಡತೈತಲ್ರೀ?"

"ಗಾಡಿ ಅಲುಗಾಡಬಾರದು. ಹಿಂದಿನ ಗಿಡ ಅಲುಗಾಡಬೇಕು."

ಇದು ಮಾಟವಲ್ಲ, ಲೆಕ್ಕ. ಕ್ಯಾಮೆರಾದ ಕಣ್ಣು ತೀರಾ ಚುರುಕಾಗಿ ಮುಚ್ಚಿದರೆ ಗಾಲಿಯ ಕಡ್ಡಿಯೂ ನಿಂತುಬಿಡುತ್ತದೆ, ಕಾರು ಯಾರದೋ ಮನೆ ಮುಂದೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಕೊಂಚ ತಡವಾಗಿ ಮುಚ್ಚುವಂತೆ ಮಾಡಿ, ಅಷ್ಟು ಹೊತ್ತೂ ಕಾರಿನ ಜೊತೆಗೇ ನಾವೂ ತಿರುಗಿದರೆ, ಕಾರು ಸ್ಪಷ್ಟವಾಗಿ ಮೂಡಿ, ಉಳಿದದ್ದೆಲ್ಲ ಗೆರೆಯಾಗುತ್ತದೆ. ಹೇಳುವುದು ಸುಲಭ. ನೀವು ಯಾವಾಗಲಾದರೂ ಮೊಬೈಲಿನಲ್ಲಿ ಓಡುವ ಮಗುವನ್ನು ಹಿಡಿಯಲು ಹೋಗಿದ್ದರೆ ಆ ಕಷ್ಟ ನಿಮಗೂ ಗೊತ್ತಿರುತ್ತದೆ.

"ಕೈ ತಿರುಗಿಸಬ್ಯಾಡ, ಸ್ವಂಟ ತಿರುಗಿಸು," ಎನ್ನುತ್ತಿದ್ದರು ಪಂಪಣ್ಣ. "ಕಾಲು ನೆಲಕ್ಕ ನಟ್ಟಿರಬೇಕು. ಗಾಡಿ ಎಲ್ಲಿ ಹೊಡೀಬೇಕೋ ಅತ್ತ ಪಾದ ಇಡು. ಆಮ್ಯಾಲ ಅದು ಬರೋ ಕಡೆ ತಿರುಗು. ಮೊಣಕೈ ಪಕ್ಕಡಿಗೆ ಹಚ್ಚು. ಉಸುರು ಬಿಗಿ ಹಿಡೀಬ್ಯಾಡ ಲೇ, ಸತ್ತೀಯಾ! ಹೊಡದಾದ ಮ್ಯಾಲೂ ತಿರುಗ್ತಾ ಇರು. ಥಟ್ನ ನಿಂತಿ ಅಂದ್ರ ಫೋಟೋನೂ ಥಟ್ನ ನಿಲ್ಲತೈತಿ."

ದೋಣಿಮಲೈಯ ಕಡೆಯಿಂದ ಬರುವ ಸಿಬ್ಬಂದಿ ಬಸ್ಸು, ಹಾಲಿನ ವ್ಯಾನು, ಆಟೋ, ಟಿವಿಎಸ್ಸು, ಯಾವುದು ಬಂದರೂ ನಾನು ಸೊಂಟ ತಿರುಗಿಸುತ್ತಿದ್ದೆ. ರಸ್ತೆಯವರಿಗೆ ಇದು ಪುಕ್ಕಟೆ ಮನರಂಜನೆಯಾಗಿತ್ತು. ಬಸ್ಸಿನಲ್ಲಿ ಯಾವಾಗಲೂ ಒಂದೇ ಕಿಟಕಿಗೆ ಕೂರುತ್ತಿದ್ದ ಒಬ್ಬ ಹಿರಿಯರು ನನ್ನನ್ನು ಸರ್ವೆಯವನೆಂದು ತಿಳಿದಿದ್ದರಂತೆ; ರಸ್ತೆ ಅಗಲ ಯಾವಾಗ ಮಾಡುತ್ತೀರಿ ಎಂದು ಒಮ್ಮೆ ಬಸ್ಸು ನಿಲ್ಲಿಸಿಯೇ ಕೇಳಿದರು. ನನ್ನ ಮೊದಲ ಇನ್ನೂರು ಚಿತ್ರಗಳಲ್ಲಿ ಇದ್ದದ್ದು ಹಿಂದಿನ ಬಂಪರುಗಳು, ಬಸ್ಸಿನಿಂದ ಚಾಚಿದ ಒಂದು ಮೊಣಕೈ, ಮತ್ತು ಸಾಕಷ್ಟು ಖಾಲಿ ರಸ್ತೆ. ಸುಮಾರು ಆರನೆಯ ಭಾನುವಾರ ಒಂದು ಚಿತ್ರ ಬಂತು. ಟಿವಿಎಸ್ ಮೇಲೆ ಗಂಡ ಹೆಂಡತಿ, ನಡುವೆ ಒಂದು ಚೀಲ. ಹಾರುತ್ತಿದ್ದ ಸೀರೆಯ ಸೆರಗಿನ ಅಂಚು ಸ್ಪಷ್ಟ, ಲೋಕವೆಲ್ಲ ಗೆರೆ. ಪಂಪಣ್ಣ ಅದನ್ನು ನೋಡಿ "ಹ್ಞೂಂ" ಎಂದರು. ಅಷ್ಟೇ. ಆ "ಹ್ಞೂಂ" ಅನ್ನು ನಾನು ಹೊಸಪೇಟೆಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಇನ್ನೂ ಏನೇನೋ ಕಲಿಸಿದರು. ಕಾರು ಬಂದ ಮೇಲೆ ಫೋಕಸ್ ಹುಡುಕಬೇಡ, ಅದು ಹಾಯುವ ಜಾಗದಲ್ಲಿ ಒಂದು ಕಲ್ಲು ಗುರುತಿಟ್ಟುಕೊಂಡು ಅದಕ್ಕೆ ಮೊದಲೇ ಫೋಕಸ್ ಮಾಡಿಕೊಂಡಿರು. ಬೆನ್ನಿಗೆ ಬಿಸಿಲಿದ್ದರೆ ಧೂಳು ಸಪ್ಪೆ. ಎದುರಿಗೆ ಬಿಸಿಲಿದ್ದರೆ ಧೂಳು ಬೆಂಕಿ, ಆದರೆ ಆಗ ಕ್ಯಾಮೆರಾ ಮೋಸಹೋಗಿ ಕಾರನ್ನು ಕಪ್ಪು ಮಾಡುತ್ತದೆ, ಆದ್ದರಿಂದ ಬೆಳಕನ್ನು ನೀನೇ ಕೈಯಿಂದ ಹೊಂದಿಸು. ಸಂಡೂರಿನ ಧೂಳಿನಲ್ಲಿ ಲೆನ್ಸ್ ಬದಲಾಯಿಸುವುದಕ್ಕಿಂತ ಕ್ಯಾಮೆರಾವನ್ನು ಬಾವಿಗೆ ಎಸೆಯುವುದು ವಾಸಿ. ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಎರಡನೆಯ ಪಾಠವೊಂದಿತ್ತು, ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಅದು ಎಲ್ಲಿ ನಿಲ್ಲಬೇಕೆಂಬುದು. ನಾನು ಅವರ ಜೊತೆ ಹೋದ ಮೊದಲ ರ್‍ಯಾಲಿಯ ಮುಂಜಾನೆ, ಕಾರುಗಳು ಬರುವ ಮೊದಲು, ಆ ಮಣ್ಣುದಾರಿಯುದ್ದಕ್ಕೂ ನನ್ನನ್ನು ನಡೆಸಿಕೊಂಡು ಹೋದರು. ಪ್ರತಿ ತಿರುವಿನಲ್ಲೂ ನಿಂತು ನೆಲ ನೋಡುತ್ತಿದ್ದರು. ನನಗೆ ಹಿನ್ನೆಲೆಯ ಗುಡ್ಡ ಕಾಣುತ್ತಿತ್ತು, ಅವರಿಗೆ ಜಲ್ಲಿ ಕಾಣುತ್ತಿತ್ತು.

"ಗಾಡಿ ನೋಡಬ್ಯಾಡ ತಮ್ಮಾ. ಗಾಡಿ ತಪ್ಪಿದ್ರ ಎಲ್ಲಿಗೆ ಹೋಗತೈತಿ, ಅದನ್ನ ನೋಡು. ಇಲ್ಲಿ ದಾರಿ ಎಡಕ್ಕ ತಿರುಗತೈತಿ. ಬ್ರೇಕ್ ಹತ್ತಲಿಲ್ಲ ಅಂದ್ರ ಗಾಡಿ ಎಡಕ್ಕ ಹೋಗಂಗಿಲ್ಲ, ಸೀದಾ ಬಲಕ್ಕ ಹೋಗಿ ಆ ದಿಬ್ಬಕ್ಕ ಬೀಳತೈತಿ. ಅದು ಹೊರಮಗ್ಗಲು, ಗಾಡೀ ಜಾಗ. ನಿಂದು ಒಳಮಗ್ಗಲು."

ಅಷ್ಟು ವರ್ಷ ಬಿದ್ದ ಗಾಡಿಗಳ ಮುಂದೆ ನಿಂತ ಮನುಷ್ಯ. ಅವು ಅಲ್ಲಿಗೆ ಹೇಗೆ ಬಂದವೆಂಬುದು ಅವರಿಗೆ ಅಂಗೈಯಂತೆ ಗೊತ್ತಿತ್ತು. ವಾಸನೆಯ ಪಾಠ ಹೇಳಿದ್ದೂ ಆವತ್ತೇ. ಮುಂದೆ ಹಾಯ್ದುಹೋದ ಕಾರಿನಿಂದ ಬ್ರೇಕಿನ ವಾಸನೆ ಬಂದರೆ, ಅದು ಎರಡನೆಯ ಸುತ್ತಿಗೆ ಬರುವಾಗ ಹುಷಾರಾಗಿರಬೇಕು. ಕೊನೆಗೆ ಇನ್ನೊಂದು ಮಾತು ಸೇರಿಸಿದರು. "ಆಗಾಗ ಹಿಂದ ತಿರುಗಿ ನೋಡು. ಕ್ಯಾಮೆರಾ ನಿಂತ ಕಡೆ ಮಂದಿ ಕೂಡ್ತಾರ."

"ಹ್ಞೂಂನ್ರಿ" ಎಂದೆ. ನಾನು ಬಹಳ ಬೇಗ ಹ್ಞೂಂ ಎನ್ನುವ ಮನುಷ್ಯ. ಅದರಿಂದ ಕೇಳಿಸಿಕೊಳ್ಳುವ ಶ್ರಮ ತಪ್ಪುತ್ತದೆ.

ಆ ವರ್ಷ ಒಳಮಗ್ಗಲಿಗೆ ನಿಂತು ಒಳ್ಳೆಯ ಚಿತ್ರಗಳನ್ನೇ ತೆಗೆದೆ. ಸೊಂಟ ತಿರುಗಿತು, ಗಿಡಗಳು ಗೆರೆಯಾದವು. ಆದರೆ ಮರುದಿನ ದೊಡ್ಡ ಊರಿನಿಂದ ಬಂದಿದ್ದ ಫೋಟೋದವರ ಚಿತ್ರಗಳನ್ನು ನೋಡಿದೆ. ಅವುಗಳಲ್ಲಿ ಕಾರು ನೇರ ನೋಡುವವನ ಮೇಲೇ ಬರುತ್ತಿತ್ತು. ಅಡ್ಡಡ್ಡ ಜಾರುತ್ತ, ಗಾಲಿಯಿಂದ ಮಣ್ಣಿನ ರೆಕ್ಕೆ ಬಿಚ್ಚುತ್ತ. ನನ್ನ ಚಿತ್ರಗಳಲ್ಲಿ ಕಾರು ಚೆನ್ನಾಗಿಯೇ ಓಡುತ್ತಿತ್ತು, ಆದರೆ ನನ್ನನ್ನು ಬಿಟ್ಟು ಎಲ್ಲಿಗೋ ಓಡುತ್ತಿತ್ತು. ಪಂಪಣ್ಣನವರದು ಮುದುಕರ ಭಯ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಆ ಚಿತ್ರಗಳನ್ನು ಉದ್ದದ ಲೆನ್ಸಿನಿಂದ, ಎಷ್ಟೋ ದೂರದಲ್ಲಿ, ಬಂಡೆಯ ಹಿಂದೆ ನಿಂತು ತೆಗೆದಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಆಗ ಅದರ ಬಗ್ಗೆ ಯಾರನ್ನೂ ಕೇಳುವ ಗೋಜಿಗೆ ನಾನು ಹೋಗಿರಲಿಲ್ಲ.

ಮರುವರ್ಷ ರ್‍ಯಾಲಿಯ ಹೊತ್ತಿಗೆ ಪಂಪಣ್ಣನವರಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ನಾನೊಬ್ಬನೇ ಹೋದೆ. ಪತ್ರಿಕೆಯೊಂದಕ್ಕೆ ಚಿತ್ರ ಕೊಡುತ್ತೇನೆಂದು ಒಪ್ಪಿಕೊಂಡಿದ್ದರಿಂದ, ಆ ಪತ್ರಿಕೆಯವರು ಹೊಳೆಯುವ ಹಳದಿ ಬಣ್ಣದ ಒಂದು ಜಾಕೀಟು ಕೊಟ್ಟಿದ್ದರು. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ 'ಪ್ರೆಸ್' ಎಂದಿತ್ತು. ಅದನ್ನು ತೊಟ್ಟುಕೊಂಡು, ಎಡಕ್ಕೆ ತಿರುಗುವ ಒಂದು ತಿರುವಿನಲ್ಲಿ, ಬಲಗಡೆಗೆ, ಜನರನ್ನು ತಡೆಯಲು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ನುಸುಳಿ, ಮೊಣಕಾಲೆತ್ತರದ ಮಣ್ಣಿನ ದಿಬ್ಬದ ಹಿಂದೆ ನಿಂತೆ. ಆ ತಿರುವನ್ನು ಕಾಯಲು ನಿಂತಿದ್ದ ಕ್ಲಬ್ಬಿನವರು ಸೀಟಿಯನ್ನು ಬಾಯಿಗೆ ತಂದವರು, ನನ್ನ ಜಾಕೀಟು ನೋಡಿ ಕೆಳಗಿಳಿಸಿದರು.

ಮೊದಲ ಸುತ್ತಿನಲ್ಲಿ ಕಾರುಗಳು ಒಂದೊಂದಾಗಿ ಬಂದವು. ಎದುರಿಗೆ ಬರುವ ಕಾರಿಗೆ ಸೊಂಟ ತಿರುಗಿಸುವ ಕೆಲಸವಿಲ್ಲ. ಶಟರ್ ಎಂಟುನೂರಕ್ಕಿಟ್ಟು, ದಾರಿ ನಡುವಿನ ಒಂದು ಕಲ್ಲಿಗೆ ಫೋಕಸ್ ಮಾಡಿ, ಗುಂಡಿ ಒತ್ತುತ್ತಾ ಹೋದೆ. ಅವುಗಳಲ್ಲಿ ಒಂದು ಬಿಳಿ ಕಾರು. ಅದು ಹಾಯ್ದುಹೋದ ಮೇಲೆ ಗಾಳಿಯಲ್ಲಿ ವಾಸನೆ ಉಳಿಯಿತು. ನನಗೆ ಅದು ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಆದರೆ ಗೊತ್ತಾಗಿತ್ತು. ಅದೇ ಗಳಿಗೆಗೆ ಮೋಡ ಸರಿದು ಬಿಸಿಲು ಓರೆಯಾಗಿ ಬಿತ್ತು. ಎರಡನೆಯ ಸುತ್ತಿಗೆ ಬೆಳಕು ಏನು ಚಂದ ಇರುತ್ತದೆ ಎಂದುಕೊಂಡೆ.

ಸುತ್ತುಗಳ ನಡುವೆ ಅರ್ಧ ಗಂಟೆ ಬಿಡುವಿತ್ತು. ಪಟ್ಟಿಯ ಆಚೆಯಿಂದ ಒಬ್ಬ ಮನುಷ್ಯ ಕೂಗಿದ. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಸಾರ್, ಅಲ್ಲಿಂದ ಚಲೋ ಕಾಣತೈತೇನ್ರಿ?"

"ಇದಕಿಂತ ಚಲೋ ಜಾಗ ಇಲ್ಲ. ಬರ್ರಿ," ಎಂದೆ.

ನನಗೆ ಖುಷಿಯಿತ್ತು, ಯಾರಿಗಾದರೂ ಹಂಚಬೇಕೆನಿಸಿತ್ತು, ಅಷ್ಟೇ. ಅವನು ಪಟ್ಟಿ ಎತ್ತಿ ಬಂದು ನನ್ನ ಹಿಂದೆ ನಿಂತ. ಕಂಪ್ಲಿಯವನೆಂದೂ, ಹೆಸರು ಗಾದಿಲಿಂಗಪ್ಪನೆಂದೂ, ರೈಸ್ ಮಿಲ್ಲಿನಲ್ಲಿ ಮಿಶನ್ ನೋಡಿಕೊಳ್ಳುತ್ತಾನೆಂದೂ ಹೇಳಿದ. ಕಾರಿನ ಎಂಜಿನ್ ಬಗ್ಗೆ ಏನೋ ಕೇಳಿದ, ಗೊತ್ತಿಲ್ಲದಿದ್ದರೂ ಉತ್ತರ ಕೊಟ್ಟೆ. ಅವನ ಹಿಂದೆ ಇನ್ನೂ ಐದಾರು ಮಂದಿ ಬಂದರು. ನಾನು ಅವರನ್ನು ಎಣಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

ಎರಡನೆಯ ಸುತ್ತಿನಲ್ಲಿ ಬಿಳಿ ಕಾರು ಬಂತು. ಅದು ತಿರುಗಲಿಲ್ಲ. ಕಣ್ಣಿಗೆ ಹಚ್ಚಿದ ಕ್ಯಾಮೆರಾದಲ್ಲಿ ಅದು ದೊಡ್ಡದಾಗುತ್ತಾ ಬಂತು, ಗುಂಡಿ ಒತ್ತಿದೆ, ಡ್ರೈವರನ ಕಣ್ಣು ಕಂಡಿತು, ಎಡಕ್ಕೆ ಹಾರಿದೆ. ಕಾರು ದಿಬ್ಬ ಹತ್ತಿ, ಮೂತಿ ಎತ್ತಿ, ಮಗ್ಗುಲಾಗಿ ಬಿತ್ತು. ಧೂಳಿನಲ್ಲಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಸೀಟಿ ಕೇಳುತ್ತಿತ್ತು. ಕಾರಿನಲ್ಲಿದ್ದವರು ಪೆಟ್ಟಿಲ್ಲದೆ ಹೊರಗೆ ಬಂದರು. ನನ್ನ ಹಿಂದೆ ನಿಂತಿದ್ದ ಉಳಿದವರೆಲ್ಲ ಚದುರಿಕೊಂಡಿದ್ದರು. ಗಾದಿಲಿಂಗಪ್ಪ ನನ್ನ ಹಿಂದೆಯೇ ಇದ್ದವನು. ನಾನು ಅಡ್ಡವಿದ್ದುದರಿಂದ ಅವನಿಗೆ ಕಾರು ಕಂಡದ್ದು ನಾನು ಹಾರಿದ ಮೇಲೆ. ಅವನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಿಳಿ ಅಂಗಿ ಪೂರಾ ಕೆಂಪು ಮಣ್ಣಾಗಿತ್ತು. ಅವನು ನನ್ನ ಮುಖ ನೋಡಿ ಕೇಳಿದ:

"ಫೋಟೋ ಬಂತೇನ್ರಿ ಸಾರ್?"

ಆಂಬುಲೆನ್ಸ್ ಅವನನ್ನು ಕರೆದುಕೊಂಡು ಹೋಯಿತು. ನಾನು ಜೊತೆಗೆ ಹೋಗಲಿಲ್ಲ. ಜಾಗವಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಕ್ಯಾಮೆರಾದ ಪರದೆ ನೋಡಿದೆ. ಫೋಟೋ ಬಂದಿತ್ತು. ನನ್ನ ಕಸುಬಿನ ಆಯುಷ್ಯದಲ್ಲೇ ಅಂಥದು ಬಂದಿರಲಿಲ್ಲ. ಗಾಲಿಯಿಂದ ಚಿಮ್ಮಿದ ಪ್ರತಿ ಹರಳೂ ಬೇರೆ ಬೇರೆ. ಮಧ್ಯಾಹ್ನ ಪತ್ರಿಕೆಗೆ ಕಳಿಸಿದೆ, ಮರುದಿನ ದೊಡ್ಡದಾಗಿ ಬಂತು. ಹೊಸಪೇಟೆಯಲ್ಲಿ ಸಿಕ್ಕವರೆಲ್ಲ ಕೈ ಕುಲುಕಿದರು. ಚಿತ್ರದ ಕೆಳಗಿನ ಸುದ್ದಿಯಲ್ಲಿ, ತಡೆಪಟ್ಟಿ ದಾಟಿ ನುಗ್ಗಿದ ಪ್ರೇಕ್ಷಕನೊಬ್ಬನಿಗೆ ಗಾಯ ಎಂದಿತ್ತು. ಕ್ಲಬ್ಬಿನವರೂ ಹಾಗೆಯೇ ಹೇಳಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅವನು ಪಟ್ಟಿ ದಾಟಿದ್ದು ನಿಜ.

ಪತ್ರಿಕೆ ಹಿಡಿದುಕೊಂಡು ಪಂಪಣ್ಣನವರಲ್ಲಿಗೆ ಹೋದೆ. ಏಕೆ ಹೋದೆನೆಂದು ನೀವು ಕೇಳಬಹುದು. "ಹ್ಞೂಂ" ಅನ್ನಿಸಿಕೊಳ್ಳುವುದಕ್ಕೆ, ಮತ್ತೇನಿಲ್ಲ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಕನ್ನಡಕ ತೆಗೆದು, ಪೇಪರನ್ನು ಚೆನ್ನಾಗಿದ್ದ ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು.

"ಫೋಕಸ್ ಭಾಳ ಚಲೋ ಐತಿ," ಎಂದರು. ಆಮೇಲೆ, "ಹೊರಮಗ್ಗಲಿಗೆ ನಿಂತಿದ್ದಿ."

"ಹೌದ್ರಿ."

"ಹಿಂದ ಎಷ್ಟು ಮಂದಿ ಇದ್ರು?"

"ಗೊತ್ತಿಲ್ರಿ."

"ಈ ಗಾಯ ಆದಾಂವ, ಇಂವ ತಾನಾಗಿ ಬಂದಿದ್ನೋ?"

ಒಲೆಯ ಹತ್ತಿರ ಶಾಂತಮ್ಮನವರ ಕೈಸದ್ದು ನಿಂತಿತು. ನಾನು ಕರೆದೆನೆಂದು ಹೇಳಿದೆ. ವಾಸನೆಯ ಸಂಗತಿಯನ್ನೂ ಹೇಳಿದೆ. ಪಂಪಣ್ಣ ಬೈಯಬಹುದೆಂದು ಕಾದೆ. ಬೈಯಲಿಲ್ಲ. ಪೇಪರು ಮಡಚಿ ನನ್ನ ಕೈಗೆ ಕೊಟ್ಟರು.

"ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತು? ಹೋಗಿ ಅವನ ಮುಂದ ಹೇಳು. ಕ್ಲಬ್ಬಿನವರಿಗೆ ಬರದು ಕೊಡು."

ಆವತ್ತು ಶಾಂತಮ್ಮ ಒಗ್ಗರಣೆ ತಂದಿಡಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಕಂಪ್ಲಿಗೆ ಹೋಗಲು ನನಗೆ ಹನ್ನೊಂದು ದಿನ ಹಿಡಿಯಿತು. ಹೊಸಪೇಟೆಯಿಂದ ಕಂಪ್ಲಿ ಎಷ್ಟು ದೂರವೆಂದು ಈ ಕಡೆಯವರಿಗೆ ಗೊತ್ತು. ಬಸ್ಸು ಹತ್ತಿ ಒಂದು ಕಣ್ಣು ನಿದ್ದೆ ಮಾಡುವಷ್ಟರಲ್ಲಿ ಬರುತ್ತದೆ. ಗಾದಿಲಿಂಗಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಮಂಚದ ಮೇಲೆ ಕಾಲಿಗೆ ದೊಡ್ಡ ಕಟ್ಟು. ನನ್ನನ್ನು ಕಂಡು ಅವನ ಮುಖ ಅರಳಿತು. "ಫೋಟೋ ಸಾರು ಬಂದಾರ, ಕುಂದ್ರಾಕ ಕುರ್ಚಿ ಹಾಕು," ಎಂದು ಹೆಂಡತಿಗೆ ಹೇಳಿದ. ಆಕೆಯ ಹೆಸರು ಹುಲಿಗೆಮ್ಮ. ಕುರ್ಚಿ ಹಾಕಿ ಗೋಡೆಗೆ ಒರಗಿ ನಿಂತಳು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಎರಡೇ ವಾಕ್ಯಕ್ಕೆ ಮುಗಿಯಿತು. "ನಾ ಕರದಿದ್ದಕ್ಕ ನೀವು ಬಂದ್ರಿ. ಅಲ್ಲಿ ನಿಲ್ಲಬಾರದು ಅಂತ ನನಗ ಗೊತ್ತಿತ್ತು."

ಗಾದಿಲಿಂಗಪ್ಪ ಕೈ ಬೀಸಿದ. "ಅಯ್ಯ, ಬಿಡ್ರಿ ಸಾರ್. ನೀವು ಕರೀದಿದ್ರೂ ನಾ ಬರ್ತಿದ್ದೆ."

"ಬರ್ತಿರಲಿಲ್ಲ," ಎಂದಳು ಹುಲಿಗೆಮ್ಮ. ಅವಳ ದನಿ ಏರಿರಲಿಲ್ಲ. "ಈ ಮನಷ್ಯ ಮಿಲ್ಲಿನ್ಯಾಗ ಬೆಲ್ಟಿನ ಹತ್ರ ಯಾರನ್ನೂ ಬಿಟ್ಟುಕೊಳ್ಳಂಗಿಲ್ರಿ. ಸಾವುಕಾರ ಬಂದ್ರೂ ಹಿಂದ ಸರೀರಿ ಅಂತಾನ. ಅಂಥಾಂವ ಅಲ್ಲಿ ಹೆಂಗ ಹೋದ ಅಂತ ನನಗ ತಿಳೀಲಾರದಂಗ ಆಗಿತ್ತು. ಈಗ ತಿಳೀತು."

ಗಾದಿಲಿಂಗಪ್ಪ ಕಾಲನ್ನು ಮಂಚದ ಮೇಲೆ ಸರಿಸಿಕೊಂಡ. ಆಮೇಲೆ ಹೇಳಿದ. "ಆಕಿ ಅನ್ನೋದು ಖರೇ ಸಾರ್. ಮಿಲ್ಲಿನ್ಯಾಗ ನಾ ಎಲ್ಲಿ ನಿಂದ್ರತೀನೋ ಅಲ್ಲೇ ಉಳಿದಾವ್ರೂ ನಿಂದ್ರತಾರ. ಇಂವಗ ಗೊತ್ತಿರತೈತಿ ಅಂತ. ಅಲ್ಲಿ ನೀವು ನಿಂತಿದ್ರಿ. ನಿಮಗ ಗೊತ್ತಿರತೈತಿ ಅಂದುಕೊಂಡೆ."

ಅವನು ಇದನ್ನು ಆಪಾದನೆಯಾಗಿ ಹೇಳಲಿಲ್ಲ. ಯಂತ್ರ ಕೆಟ್ಟ ಕಾರಣವನ್ನು ಹುಡುಕಿ ಹೇಳುವವನ ಹಾಗೆ ಹೇಳಿದ. ಹುಲಿಗೆಮ್ಮ ಚಹಾ ತಂದಳು. ಲೋಟವನ್ನು ನನ್ನ ಕೈಗೆ ಕೊಡಲಿಲ್ಲ, ಕುರ್ಚಿಯ ಪಕ್ಕ ನೆಲದ ಮೇಲಿಟ್ಟಳು. ಕುಡಿದೆ. ಸಕ್ಕರೆ ಸರಿಯಾಗಿಯೇ ಇತ್ತು.

ಮರುದಿನ ಕ್ಲಬ್ಬಿಗೆ ಬರೆದು ಕೊಟ್ಟೆ. ಅರ್ಧ ಪುಟ. ಪ್ರೇಕ್ಷಕ ನುಗ್ಗಲಿಲ್ಲ, ನಾನು ಕರೆದೆ ಎಂದು. ಪತ್ರಿಕೆಗೂ ಒಂದು ಪ್ರತಿ ಕಳಿಸಿದೆ. ಅವರು ಒಳಪುಟದಲ್ಲಿ ನಾಲ್ಕು ಸಾಲು ಹಾಕಿದರು, ಹಳದಿ ಜಾಕೀಟನ್ನು ವಾಪಸು ಕೇಳಿದರು. ಕ್ಲಬ್ಬಿನವರು ತಮ್ಮ ವರದಿಯಿಂದ 'ನುಗ್ಗಿದ' ಎಂಬ ಮಾತನ್ನು ತೆಗೆದುಹಾಕಿ, ಅವನ ಆಸ್ಪತ್ರೆಯ ಖರ್ಚನ್ನು ತಮ್ಮ ವಿಮೆಗೆ ಸೇರಿಸಿಕೊಂಡರು. ನನ್ನನ್ನು ಮುಂದಿನ ವರ್ಷ ಒಳಗೆ ಬಿಡಲಿಲ್ಲ. ಅದು ನ್ಯಾಯವೇ ಆಗಿತ್ತು. ಚಿತ್ರವನ್ನು ಮಾತ್ರ ವಾಪಸು ಪಡೆಯಲಾಗಲಿಲ್ಲ. ಪೇಪರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದನ್ನು ಈಗಲೂ ಒಂದೆರಡು ಗ್ಯಾರೇಜುಗಳಲ್ಲಿ ನೋಡುತ್ತೇನೆ. ಯಾರು ತೆಗೆದದ್ದೆಂದು ಕೇಳುವ ಪ್ರಸಂಗ ಅಲ್ಲಿ ಬರುವುದಿಲ್ಲ.

ಗಾದಿಲಿಂಗಪ್ಪನ ಕಾಲು ಕೂಡಿತು, ಒಂದಿಷ್ಟು ಗಿಡ್ಡವಾಗಿ. ಐದು ತಿಂಗಳಿಗೆ ಮಿಲ್ಲಿಗೆ ಹೋಗತೊಡಗಿದ. ನಾನು ಮೊದಮೊದಲು ತಪ್ಪಿನ ಭಾರಕ್ಕೆ ಹೋಗುತ್ತಿದ್ದೆ, ಆಮೇಲೆ ರೂಢಿಯಾಗಿ. ಹುಲಿಗೆಮ್ಮ ಲೋಟವನ್ನು ಕೈಗೆ ಕೊಡಲು ಎರಡು ವರ್ಷ ತೆಗೆದುಕೊಂಡಳು. ಯಾವ ದಿನ ಕೊಟ್ಟಳೆಂದು ನನಗೆ ನೆನಪಿದೆ, ಅವಳಿಗೆ ಇರಲಿಕ್ಕಿಲ್ಲ. ಪಂಪಣ್ಣ ಈಗಿಲ್ಲ. ಕಂಪ್ಲಿಗೆ ಹೋಗಿ ಬಂದೆನೆಂದು ಹೇಳಿದಾಗ ಅವರು ಎಂದಿನಂತೆ "ಹ್ಞೂಂ" ಎಂದಿದ್ದರು. ಆ ಸಲ ಅದರಲ್ಲಿ ಹೊತ್ತುಕೊಂಡು ಬರುವಂಥದೇನೂ ನನಗೆ ಕಾಣಲಿಲ್ಲ. ರ್‍ಯಾಲಿಗೆ ಮತ್ತೆ ಹೋಗಿದ್ದೇನೆ, ಚಿತ್ರಗಳನ್ನೂ ತೆಗೆದಿದ್ದೇನೆ, ಒಳಮಗ್ಗಲಿನಿಂದ, ನೂರಾ ಇಪ್ಪತ್ತೈದಕ್ಕೆ ಇಟ್ಟುಕೊಂಡು. ಅವು ಚೆನ್ನಾಗಿವೆ ಎನ್ನುತ್ತಾರೆ.

ಮರಿಯಮ್ಮನಹಳ್ಳಿಯಲ್ಲಿ ಆ ಲಾರಿ ಕಂಡ ಮರುದಿನವೇ, ಕಂಪ್ಲಿಯ ಮಿಲ್ಲಿನ ಸಾವುಕಾರರು ಕ್ಯಾಲೆಂಡರಿಗೆಂದು ಯಂತ್ರಗಳ ಫೋಟೋ ತೆಗೆಯಲು ಕರೆಸಿದ್ದರು. ಹಳೆಯ ಮಿಲ್ಲು. ನೆಲ್ಲು ಬೀಳುವ ಸದ್ದು, ತೌಡಿನ ಧೂಳು, ಉದ್ದಕ್ಕೆ ಓಡುವ ಅಗಲವಾದ ಬೆಲ್ಟುಗಳು. ಶಟರನ್ನು ಮೂವತ್ತಕ್ಕೆ ಇಳಿಸಿದರೆ ಬೆಲ್ಟು ನೀರಿನಂತೆ ಹರಿಯುವುದು ಬರುತ್ತದೆ, ಪಕ್ಕದ ಮನುಷ್ಯ ಅಲುಗಾಡದೆ ನಿಂತರೆ ಇನ್ನೂ ಚಂದ. ಎಲ್ಲಿಂದ ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆಂಬುದು ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣಿಗೆ ಹೊಳೆದಿತ್ತು. ದೊಡ್ಡ ಚಕ್ರದ ಎಡಕ್ಕೆ, ಕಿಟಕಿಯ ಬೆಳಕು ಬೀಳುವ ಮೂಲೆ.

ಗಾದಿಲಿಂಗಪ್ಪ ಕುಂಟುತ್ತಾ ಬಂದು ನನ್ನ ಪಕ್ಕ ನಿಂತ. ನಾನು ಆ ಮೂಲೆಯ ಕಡೆ ನೋಡಲಿಲ್ಲ.

"ಎಲ್ಲಿ ನಿಂದ್ರಲಿ?" ಎಂದು ಕೇಳಿದೆ.

ಅವನು ಒಮ್ಮೆ ಬೆಲ್ಟು ನೋಡಿದ, ಒಮ್ಮೆ ನೆಲ ನೋಡಿದ. ಮೂಲೆಯಿಂದ ಬಹಳ ದೂರದಲ್ಲಿ, ಕಂಬದ ಈಚೆಗೆ, ಬೆಳಕು ಅಷ್ಟೇನೂ ಇಲ್ಲದ ಒಂದು ಜಾಗಕ್ಕೆ ಬೆರಳು ತೋರಿಸಿದ. ಹೋಗಿ ಅಲ್ಲಿ ನಿಂತೆ.